ಹದಿನೇಳನೆಯ ಅಗತ್ಯ

ಕೈಲಿದ್ದ ಕೋಷ್ಟಕದ ಹದಿನೇಳನೆಯ ಸಾಲಿನ ಮೇಲೆ ಹೆಬ್ಬೆರಳು ಒತ್ತಿಕೊಂಡೇ ಅವನು ಮೂರು ಮಹಡಿ ಹತ್ತಿ ಬಂದಿದ್ದ. ವಿಭಾಗದ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ ಹೊಸ ಜವಾನ ಅವನ ಇಸ್ತ್ರಿ ಅಂಗಿಯನ್ನೂ ಕಿವಿಯ ಮೇಲಿನ ನರೆಯನ್ನೂ ನೋಡಿ, "ಪೋಷಕರು ಕೆಳಗಡೆ ಕೂತ್ಕೋಬೇಕು ಸಾರ್, ಇಲ್ಲಿ ಬರೀ ಪರೀಕ್ಷೆ ಇರೋರು," ಅಂದ. "ನನಗೇ ಪರೀಕ್ಷೆ," ಅಂದದ್ದಕ್ಕೆ ಆತ ನಾಲಿಗೆ ಕಚ್ಚಿಕೊಂಡು ಎದ್ದು ನಿಂತ. ಕೂತೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಎದ್ದು ನಿಂತು ಇನ್ನಷ್ಟು ವಯಸ್ಸು ಮಾಡಿಬಿಟ್ಟ. ಬೆಂಚಿನ ಮೇಲೆ ಅವನ ತಂಡದ ಇಬ್ಬರೂ ಆಗಲೇ ಬಂದು ಕೂತಿದ್ದರು. ಮಾತಿಗೆ ಬಿಡುವೇ ಕೊಡದ ಹುಡುಗಿಗೆ ತರಗತಿಯಲ್ಲಿ ಪಟಾಕಿ ಎಂದು ಹೆಸರು. ಕಂಪ್ಯೂಟರಿನ ಮುಂದೆ ಕೂತರೆ ತಲೆ ಮಾತ್ರ ಕಾಣುವ ಹುಡುಗ ಮೋಟು. ಮೂವತ್ತೆಂಟು ವರ್ಷದ ಇವನು ಎಲ್ಲರಿಗೂ ಮಾವ. ಮೊದಮೊದಲು ಆ ಕರೆ ಚುಚ್ಚುತ್ತಿತ್ತು, ಆಮೇಲಾಮೇಲೆ ಯಾರಾದರೂ ಹೆಸರು ಹಿಡಿದು ಕರೆದರೇ ಬೆಚ್ಚುವಂತಾಯಿತು. "ಮಾವ, ಬೆಳಗ್ಗೆ ಏನಾದ್ರೂ ತಿಂದ್ರಾ? ಮುಖ ನೋಡಿದ್ರೆ ನಿಮ್ಮನ್ನೇ ವಾರ್ಡಿಗೆ ಸೇರಿಸ್ಬೇಕು," ಅಂದಳು ಪಟಾಕಿ. ಅವನು ನಕ್ಕ. ಬೆರಳು ತೆಗೆಯಲಿಲ್ಲ.

ಬೆಳಿಗ್ಗೆ ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿ ಅಕ್ಕ ಒಂದು ಹಾಳೆ ಹರಡಿಕೊಂಡು ಕೂತಿದ್ದಳು. ಇಪ್ಪತ್ತಾರು ವರ್ಷದಿಂದ ನರ್ಸಾಗಿರುವವಳು, ಪೆನ್ನು ಹಿಡಿದರೆ ಜ್ವರದ ಚಾರ್ಟು ಬರೆಯುವ ಹಾಗೆ ಸಣ್ಣ ಸಣ್ಣ ಅಕ್ಷರ. ಹಾಳೆಯ ಪಕ್ಕದಲ್ಲಿ ಆಸ್ಪತ್ರೆಯ ಮೊಹರಿದ್ದ ಇನ್ನೊಂದು ಕಾಗದ. "ಏನಕ್ಕಾ ಅದು?" ಅಂದ, ಕಾಲುಚೀಲ ಹುಡುಕುತ್ತಾ. "ಮೆಮೊ ಕೊಟ್ಟಿದಾರೆ ಕಣೋ. ಸಂಜೆ ಐದರೊಳಗೆ ವಿವರಣೆ ಕೊಡ್ಬೇಕಂತೆ. ಸೋಮವಾರ ಮಧ್ಯಾಹ್ನ ಹನ್ನೊಂದನೇ ಹಾಸಿಗೆಯವರು ಬಿದ್ಬಿಟ್ರು. ಬಚ್ಚಲಿಗೆ ಹೋಗ್ಬೇಕೂಂತ ಗಂಟೆ ಒತ್ತಿದಾರೆ, ನಲವತ್ತು ನಿಮಿಷ ಕಾದಿದಾರೆ, ಆಮೇಲೆ ತಾವೇ ಎದ್ದಿದಾರೆ. ಮಣಿಕಟ್ಟು ಮುರಿದಿದೆ, ಸೊಂಟಕ್ಕೂ ಪೆಟ್ಟು. ದರ್ಜಿ ಕೆಲಸ ಮಾಡ್ತಿದ್ದೋರು, ಪಾಪ, ಬಲಗೈಯೇ." ಇವನು ಒಂದು ಕಾಲುಚೀಲ ಹಾಕಿಕೊಂಡು ಹಾಗೇ ನಿಂತುಬಿಟ್ಟ. "ಬೋರ್ಡಲ್ಲಿ ಬಂದಿರಲಿಲ್ವಾ?" ಅಂದ. ಗಂಟೆ ಒತ್ತಿದವರ ಹಾಸಿಗೆಯ ಸಂಖ್ಯೆ ತೋರಿಸುವ ಆ ಬೋರ್ಡನ್ನು ಇವನ ತಂಡವೇ ಪರೀಕ್ಷೆಯ ಕೆಲಸವೆಂದು ಮಾಡಿ ಮೂರು ವಾರದ ಹಿಂದೆ ವಾರ್ಡಿನಲ್ಲಿ ಹಾಕಿತ್ತು. "ಬಂದಿತ್ತಪ್ಪಾ. ನಿನ್ನ ಬೋರ್ಡು ಸರಿಯಾಗೇ ಇದೆ. ತೀರ ಕೆಳಗಿತ್ತು ಅಷ್ಟೆ. ನಾಲ್ಕನೇ ಹಾಸಿಗೆಯವರು ಫ್ಯಾನಿಗೆ, ಒಂಬತ್ತರವರು ದಿಂಬಿಗೆ ಅಂತ ಒತ್ತೀ ಒತ್ತೀ ಮೇಲೇ ಕೂತಿದ್ರು. ನಾನೇ ಕೆಳಗೆ ಕಣ್ಣು ಹಾಯಿಸ್ಬೇಕಿತ್ತು." ಅವಳು ಮತ್ತೆ ಬಗ್ಗಿ ಬರೆಯತೊಡಗಿದಳು. ಸೋಮವಾರ ಆದದ್ದನ್ನು ಗುರುವಾರದವರೆಗೆ ಹೊಟ್ಟೆಯಲ್ಲಿಟ್ಟುಕೊಂಡದ್ದೇಕೆ ಎಂದು ಕೇಳಬೇಕೆನ್ನಿಸಿತು; ಉತ್ತರ ಗೊತ್ತಿದ್ದರಿಂದ ಕೇಳಲಿಲ್ಲ. ಇವತ್ತು ಅವನ ಕೊನೆಯ ಪರೀಕ್ಷೆ. "ನೀನು ಹೊರಡು, ಹೊತ್ತಾಯ್ತು. ಒಳ್ಳೇದಾಗ್ಲಿ," ಅಂದಳು ತಲೆಯೆತ್ತದೆ. ಅವನು ಹೊರಟ. ಬಸ್ಸಿನಲ್ಲಿ ಕೂತ ಮೇಲೇ ತೊಡೆಯ ಮೇಲಿನ ಕೋಷ್ಟಕದಲ್ಲಿ ಹದಿನೇಳನೆಯ ಸಾಲು ಕಣ್ಣಿಗೆ ಬಿದ್ದದ್ದು, ಅದರ ಮೇಲೆ ಬೆರಳು ಹೋದದ್ದು.

ಸಿಸ್ಟಮ್ಸ್ ಇಂಜಿನಿಯರಿಂಗ್ ಅಂದರೆ ಏನು ಅಂತ ಎರಡು ವರ್ಷದ ಹಿಂದೆ ಅಕ್ಕನಿಗೆ ಹೇಳಲು ಹೋಗಿ ಸೋತಿದ್ದ. ಹದಿನಾಲ್ಕು ವರ್ಷ ಲಿಫ್ಟು ರಿಪೇರಿ ಮಾಡಿದವನು, ಹಗ್ಗ, ಮೋಟಾರು, ಬಾಗಿಲು ಎಲ್ಲ ಬಿಡಿಬಿಡಿಯಾಗಿ ಗೊತ್ತಿದ್ದವನು, ಇದ್ದಕ್ಕಿದ್ದ ಹಾಗೆ ವಿಶ್ವವಿದ್ಯಾಲಯಕ್ಕೆ ಸೇರುತ್ತೇನೆ ಅಂದಾಗ ಅವಳಾದರೂ ಏನಂದುಕೊಳ್ಳಬೇಕು? "ಯಾವುದನ್ನೂ ಬಿಡಿಯಾಗಿ ನೋಡ್ಬಾರದಕ್ಕಾ. ಜನ, ಯಂತ್ರ, ಜಾಗ, ಸಮಯ, ಎಲ್ಲ ಒಂದಕ್ಕೊಂದು ಹೇಗೆ ಹೆಣೆದ್ಕೊಂಡಿದೆ ಅಂತ ನೋಡಿ, ಯಾರಿಗೆ ಏನು ಬೇಕು ಅಂತ ಮೊದಲು ಕೇಳಿ, ಆಮೇಲೆ ಕಟ್ಟೋದು." ಅಕ್ಕ ಒಗೆದ ಬಟ್ಟೆ ಮಡಿಸುತ್ತಾ, "ಅಂದ್ರೆ ಮನೆ ನಡೆಸೋದು ಅನ್ನು. ಅದಕ್ಕೆ ಡಿಗ್ರಿ ಬೇರೆ ಕೊಡ್ತಾರಾ?" ಅಂದಿದ್ದಳು. ಆಮೇಲೆ ಅರ್ಜಿಯನ್ನು ತಾನೇ ಎರಡು ಸಲ ಓದಿ ತಪ್ಪು ತಿದ್ದಿ ಕಳಿಸಿದ್ದೂ ಅವಳೇ. ತರಗತಿಯಲ್ಲಿ ಮೇಡಂ ಮೊದಲ ದಿನ ಕರಿಹಲಗೆಯ ಮೇಲೆ ಮೂರು ಕಾಲಮು ಎಳೆದಿದ್ದರು: ಎಡಗಡೆ ಜನ ಏನು ಬೇಕೆಂದರು, ಮಧ್ಯದಲ್ಲಿ ಅದನ್ನು ನಾವು ಹೇಗೆ ಮಾಡಿದೆವು, ಬಲಗಡೆ ಮಾಡಿದ್ದು ಸರಿಯೇ ಎಂದು ಹೇಗೆ ಪರೀಕ್ಷಿಸಿದೆವು. ಪ್ರತಿ ಅಗತ್ಯಕ್ಕೂ ಒಂದು ನಂಬರು, ಯಾರ ಬಾಯಿಂದ ಬಂತು ಅನ್ನುವ ಮೂಲ, ಅವರ ಸಹಿ. "ಮೂಲದ ಕಾಲಮಿನಲ್ಲಿ ಸುಳ್ಳು ಬರೆದರೆ ನಕಲು ಹೊಡೆದ ಹಾಗೇ. ಇಡೀ ತಂಡ ಫೇಲು. ಇನ್ನೊಂದು ನೆನಪಿರಲಿ, ಅಳೆಯೋಕಾಗದೇ ಇರೋದನ್ನ ತಂದು ಅಗತ್ಯ ಅಂತ ಕೊಟ್ಟರೆ ನಾನು ಹಾಳೆ ವಾಪಸು ಎಸೀತೀನಿ." ಅವನ ಹಾಳೆಯನ್ನು ಅವರು ಮೂರು ಸಲ ವಾಪಸು ಮಾಡಿದ್ದರು. ಮೂರನೆಯ ಸಲ, ಪಟಾಕಿಯ ವಯಸ್ಸಿನವರೆಲ್ಲ ನೋಡುತ್ತಿರುವಾಗ, "ಇಷ್ಟು ವರ್ಷ ಕೆಲಸ ಮಾಡಿ ಬಂದೋರು ನೀವು, ನಿಮಗೂ ಕೈ ಹಿಡಿದು ಬರೆಸಬೇಕಾ?" ಅಂದಿದ್ದರು. ಬೆನ್ನ ಹಿಂದೆ ಯಾರೋ ಕಿಸಕ್ಕನೆ ನಕ್ಕ ಸದ್ದು ಇವತ್ತಿಗೂ ಬೆನ್ನಿನ ಅದೇ ಜಾಗದಲ್ಲಿ ಇದೆ.

ಅಕ್ಕನನ್ನು ಸಂದರ್ಶನ ಮಾಡಿದ್ದು ವಾರ್ಡಿನಲ್ಲೇ. ವಯಸ್ಸಾದ ಹೆಂಗಸರ ವಾರ್ಡು, ಇಪ್ಪತ್ತೆರಡು ಹಾಸಿಗೆ, ಎರಡೂ ಕಡೆ ಎತ್ತರದ ಕಿಟಕಿ. ಅವಳು ಔಷಧಿಯ ಗಾಡಿ ತಳ್ಳುತ್ತಾ ಮುಂದೆ, ಇವನು ಪುಸ್ತಕ ಹಿಡಿದು ಹಿಂದೆ. "ನೀವು ಗಂಟೆಯ ಕರೆಗಳಿಗೆ ಆದ್ಯತೆ ಹೇಗೆ ಕೊಡ್ತೀರಿ?" ಅಂತ ಬಹುವಚನದಲ್ಲಿ ಕೇಳಿದ್ದಕ್ಕೆ ಅವಳು ಗಾಡಿ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಏನೋ ನಿಂದು, ನೀವು ಗೀವು ಅಂತ!" ಆಮೇಲೆ ಮಾತ್ರೆ ಎಣಿಸುತ್ತಾ, ಯಾವ ಹಾಸಿಗೆಯ ಕಡೆಯೂ ನೋಡದೆ, ಸಣ್ಣ ದನಿಯಲ್ಲಿ ಹೇಳಿದ್ದಳು: "ಒತ್ತೋರು ಒತ್ತುತ್ತಲೇ ಇರ್ತಾರೆ ಕಣೋ. ಅವರ ಚಿಂತೆ ನನಗಿಲ್ಲ. ಒತ್ತೋ ಶಕ್ತಿ ಇದೆಯಲ್ಲ. ಒಂದೇ ಸಲ ಒತ್ತಿ ಸುಮ್ಮನಾಗ್ತಾರಲ್ಲ, ಅವರದ್ದೇ ನನಗೆ ದಿಗಿಲು. ಸುಮ್ಮನೆ ಯಾಕಾದ್ರು? ನಾಚಿಕೆಗೋ, ಪಾಪ ಇವಳಿಗೆ ಕೆಲಸ ಜಾಸ್ತಿ ಅಂತ ಅಂದುಕೊಂಡೋ, ಇಲ್ಲಾ ಕೈಯೇ ಎತ್ತೋಕಾಗ್ತಿಲ್ವೋ? ನಾನು ಮೊದಲು ಅಲ್ಲಿಗೇ ಹೋಗೋದು." ಅವನು ಅದನ್ನು ಒಂದಕ್ಷರ ಬಿಡದೆ ಬರೆದುಕೊಂಡಿದ್ದ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅಕ್ಕ ದಿನಾ ಏನು ಮಾಡುತ್ತಾಳೆ ಅಂತ ಆವತ್ತೇ ಗೊತ್ತಾದ ಹಾಗಿತ್ತು.

ಆ ಮಾತನ್ನು ಕೋಷ್ಟಕಕ್ಕೆ ಹಾಕಲು ಕೂತಾಗ ಮಾತ್ರ ಕೈ ಓಡಲಿಲ್ಲ. ಸುಮ್ಮನಿರುವುದನ್ನು ಅಳೆಯುವುದು ಹೇಗೆ? ಎಷ್ಟು ಹೊತ್ತು ಸುಮ್ಮನಿದ್ದರೆ ಅದು ದಿಗಿಲಿನ ಸುಮ್ಮನೆ, ಎಷ್ಟು ಹೊತ್ತಿದ್ದರೆ ನಿದ್ದೆ? ಅದನ್ನು ತಿಳಿಯಬೇಕಾದರೆ ಮತ್ತೆ ವಾರ್ಡಿಗೆ ಹೋಗಿ ವಾರಗಟ್ಟಲೆ ಕೂರಬೇಕು. ಪಟ್ಟಿ ಒಪ್ಪಿಸಲು ಉಳಿದದ್ದು ಒಂದು ಮಧ್ಯಾಹ್ನ. ಕ್ಯಾಂಟೀನಿನ ಮೂಲೆಯ ಮೇಜು, ಎದುರಿಗೆ ಕೂತು ಮೋಟು ಬಿಸ್ಕತ್ತು ಚಹಾಕ್ಕೆ ಅದ್ದುತ್ತಿದ್ದ, ಮೇಡಂ ಅವರ ಕೊಠಡಿ ನಾಲ್ಕಕ್ಕೆ ಮುಚ್ಚುತ್ತದೆ. ಅವನು ಬರೆದ: ಒಂದು ನಿಮಿಷದೊಳಗೆ ಎರಡಕ್ಕಿಂತ ಹೆಚ್ಚು ಸಲ ಕರೆದ ಹಾಸಿಗೆಯನ್ನು ವ್ಯವಸ್ಥೆಯು ಪಟ್ಟಿಯ ಮೇಲಕ್ಕೆ ತರತಕ್ಕದ್ದು. ಮೂಲ: ವಾರ್ಡಿನ ಹಿರಿಯ ನರ್ಸ್, ಸಂದರ್ಶನ ಎರಡು. ಮೋಟು ಹಾಳೆ ತಿರುಗಿಸಿಕೊಂಡು ಓದಿ, "ಇದು ಸುಲಭ ಮಾವ, ಸಂಜೆಯೊಳಗೆ ಆಗುತ್ತೆ. ಅಕ್ಕ ಹೀಗೇ ಅಂದ್ರಾ?" ಅಂತ ಕೇಳಿದ್ದ. ಅವನು ಚಹಾದ ಲೋಟ ಬಾಯಿಗಿಟ್ಟುಕೊಂಡು ತಲೆಯಾಡಿಸಿದ್ದ. ಹೂಂ ಅಂದಿರಲಿಲ್ಲ, ಹಾಗಾಗಿ ಸುಳ್ಳು ಹೇಳಿರಲಿಲ್ಲ ಎಂದು ಮೂರು ತಿಂಗಳು ತನಗೆ ತಾನೇ ಹೇಳಿಕೊಂಡಿದ್ದ. ಹೇಳಿಕೊಳ್ಳಬೇಕಾಗಿ ಬಂದದ್ದೇ ವಿಚಿತ್ರ ಎಂದು ಒಮ್ಮೆಯೂ ಹೊಳೆಯದವನ ಹಾಗೆ. ಸಹಿಗೆ ಇನ್ನೊಂದು ದಿನದ ಬಿಡುವಿತ್ತು; ಮಾರನೆಯ ದಿನ ಅಕ್ಕ ಒಬ್ಬ ಅಜ್ಜಿಗೆ ಗಂಜಿ ಕುಡಿಸುತ್ತಿದ್ದಾಗ ಹೋಗಿ ಸಹಿ ಕೇಳಿದ. "ಓದ್ಲೇಬೇಕಾ?" ಅಂದಳು. "ನೀನು ಹೇಳಿದ್ದೇ ಇದೆ ಅಕ್ಕಾ." ಎಡಗೈಯಲ್ಲಿ ಬಟ್ಟಲು ಹಿಡಿದುಕೊಂಡೇ ಸಹಿ ಹಾಕಿದಳು. ಲಿಫ್ಟಿನ ಕೆಲಸದಲ್ಲಿದ್ದಾಗ ಗುಂಡಿಯನ್ನು ಟಕಟಕ ಒತ್ತುವವರನ್ನು ಕಂಡು ಅವನಿಗೆ ಎಷ್ಟು ನಗು ಬರುತ್ತಿತ್ತು! "ಒಂದು ಸಲ ಸಾಕು ಸ್ವಾಮಿ, ಅದು ಮರೆಯಲ್ಲ," ಅಂತ ಎಷ್ಟು ಜನಕ್ಕೆ ಹೇಳಿದ್ದಾನೋ. ಹಾಗೆ ಹೇಳಿದ ಬಾಯಿ ಬೇರೆ ಯಾರದೋ ಎನ್ನಿಸುವಂತೆ ಕಾರಿಡಾರಿನ ಬೆಂಚಿನ ಮೇಲೆ ಅವನ ತುಟಿ ಒಣಗಿ ಅಂಟಿಕೊಂಡಿತ್ತು.

ಒಳಗೆ ಕರೆದರು. ಮೇಡಂ, ಅವರ ಪಕ್ಕದಲ್ಲಿ ರೈಲ್ವೆ ಸಿಗ್ನಲ್ಲಿನ ಕೆಲಸದಿಂದ ನಿವೃತ್ತರಾದ ಹೊರಗಿನ ಪರೀಕ್ಷಕರು. ಪಟಾಕಿ ವಾರ್ಡಿನ ನಕ್ಷೆ ವಿವರಿಸಿದಳು, ಮೋಟು ಬೋರ್ಡಿನ ಲೆಕ್ಕಾಚಾರ ತೋರಿಸಿದ, ಕೊನೆಯಲ್ಲಿ ಕೋಷ್ಟಕ ಇವನ ಪಾಲಿಗೆ. ಗೋಡೆಯ ಮೇಲೆ ನಲವತ್ತೊಂದು ಅಗತ್ಯಗಳು, ನಲವತ್ತೊಂದು ಹಸಿರು ಗುರುತು. ಪರೀಕ್ಷಕರು ಕನ್ನಡಕ ಹಣೆಗೇರಿಸಿ, "ಮೂವತ್ತು ವರ್ಷ ಸಿಗ್ನಲ್ ನೋಡಿದೀನಿ, ಎಲ್ಲಾ ಹಸಿರು ಇದ್ರೆ ನನಗೆ ಭಯ. ಒಂದಾದ್ರೂ ಕೆಂಪು ಇರ್ಬೇಕಲ್ರೀ?" ಅಂದರು. ತಮಾಷೆಗೆ ಅಂದದ್ದು. ಪಟಾಕಿ ನಕ್ಕಳು. ಅವನು, "ಇದೆ ಸಾರ್, ಹದಿನೇಳು," ಅಂದ. ಅಂದದ್ದು ತಾನೇ ಎಂದು ಗೊತ್ತಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಮಾತು ತಂತಾನೇ ಬಂತು. ಎರಡು ವರ್ಷ ಬಾಯಿಪಾಠ ಮಾಡಿದ ಭಾಷೆ, ಎಣ್ಣೆ ಹಾಕಿದ ಬಾಗಿಲಿನ ಹಾಗೆ ಸದ್ದಿಲ್ಲದೆ ಸರಿಯಿತು: ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಬಳಕೆದಾರರ ಮೂಲ ಆಶಯಕ್ಕೆ ಹೊಂದದ ಅಗತ್ಯ, ಕರೆಗಳ ಸಂಖ್ಯೆಯನ್ನೇ ತುರ್ತು ಎಂದು ಭಾವಿಸಲಾಗಿದೆ, ಒಂದೇ ಕರೆಯ ರೋಗಿಗಳು ಪಟ್ಟಿಯ ತಳಕ್ಕೆ ಸರಿಯುವುದು ಗಮನಕ್ಕೆ ಬಂದಿದೆ. ಪರೀಕ್ಷಕರು ಕುರ್ಚಿಯ ತುದಿಗೆ ಬಂದಿದ್ದರು. "ಭಲೆ! ಹೇಳಿದ್ದನ್ನ ಕಟ್ಟಿದೆವಾ ಅಂತ ಎಲ್ಲರೂ ನೋಡ್ತಾರೆ, ಕಟ್ಟಬೇಕಾದ್ದನ್ನೇ ಕಟ್ಟಿದೆವಾ ಅಂತ ನೋಡೋರು ಯಾರೂ ಇಲ್ಲ. ತಮ್ಮ ಕೆಲಸದಲ್ಲಿ ತಾವೇ ಹುಳುಕು ಹುಡುಕೋದು ಅಂದ್ರೆ ಸಣ್ಣ ಮಾತಲ್ಲ ಮೇಡಂ." ಮೇಡಂ ಅವನ ಕಡೆ ನೋಡಿದ ನೋಟದಲ್ಲಿ ಎರಡು ವರ್ಷದಲ್ಲಿ ಮೊದಲ ಸಲ ಗೌರವವಿತ್ತು. ಅವನು, "ಒಬ್ಬರು ಬಿದ್ದಿದಾರೆ ಮೇಡಂ. ಕೈ ಮುರಿದಿದೆ," ಅಂದ. "ಅಯ್ಯೋ, ಹೌದಾ? ಪಾಪ." ಅವರು ನಿಜವಾಗಿಯೂ ನೊಂದುಕೊಂಡರು, ಎದುರಿಗಿದ್ದ ನೀರಿನ ಲೋಟವನ್ನು ತಾವೇ ಅವನತ್ತ ಸರಿಸಿದರು. "ಕುಡೀರಿ ಮೊದಲು. ವರದಿಯ ಕೊನೆಗೆ ಕಲಿತ ಪಾಠಗಳು ಅಂತ ಒಂದು ಪುಟ ಸೇರಿಸಿ. ಅದರಲ್ಲಿ ಇದನ್ನ ದಿನಾಂಕ ಸಮೇತ ಹಾಕಿ. ನಿಜವಾದ ಉದಾಹರಣೆ ಇದ್ರೆ ವರದಿಗೆ ತೂಕ ಬರುತ್ತೆ." ಇನ್ನೂ ಒಂದು ಮಾತು ಬಾಕಿ ಇತ್ತು. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದನೇನೋ. ಮೇಡಂ ಅಂಕದ ಹಾಳೆ ಎಳೆದುಕೊಂಡರು, ಪರೀಕ್ಷಕರು ಕೈ ಕುಲುಕಿದರು, ನೀರು ತಣ್ಣಗಿತ್ತು.

ಹೊರಗೆ ಪಟಾಕಿ ಅವನ ತೋಳು ಹಿಡಿದು ಅಲ್ಲಾಡಿಸಿದಳು. "ಮಾವ, ಜೀವ ಹೋಗಿತ್ತು ನಂದು! ಇದ್ದಕ್ಕಿದ್ದ ಹಾಗೆ ಹದಿನೇಳು ಅಂತೀರಲ್ಲ. ಎಂಥಾ ಕಿಲಾಡಿ ಮಾರಾಯ್ರೇ ನೀವು, ಕೊನೇಗೆ ಅಂತ ಇಟ್ಕೊಂಡಿದ್ರಾ?" ಮೋಟು ಮಾತ್ರ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. "ನಾನೇ ಏನೋ ಎಡವಟ್ಟು ಮಾಡಿರ್ಬೇಕು ಮಾವ. ನೀವು ಸರಿಯಾಗೇ ಹೇಳಿರ್ತೀರಿ, ನಾನು ತಿರುಗಾಮುರುಗಾ ತಿಳ್ಕೊಂಡಿರ್ತೀನಿ. ನಾಳೆಯೊಳಗೆ ಸರಿ ಮಾಡ್ಕೊಡ್ತೀನಿ," ಅಂದ. ಬೆಳಿಗ್ಗೆ ಅಕ್ಕ ಅಂದದ್ದೂ ಹೀಗೇ. ಒಂದು ತಪ್ಪಿಗೆ ಎಷ್ಟು ಜನ ಕೈ ಒಡ್ಡುತ್ತಾರೆ, ತಾನೊಬ್ಬನನ್ನು ಬಿಟ್ಟು. "ನಿಂದೇನಿಲ್ಲಪ್ಪ," ಅಂದ ಅವನು. ಅಷ್ಟು ಮಾತ್ರ ಅಂದು ಮೆಟ್ಟಿಲಿಳಿದ. ಇಡೀ ತಂಡ ಫೇಲು ಎಂಬ ಮಾತು ಒಂದೊಂದು ಮೆಟ್ಟಿಲಿಗೂ ಎದುರು ಬಂತು. ಮುಂದಿನ ತಿಂಗಳು ಕೆಲಸಕ್ಕೆ ಸೇರಬೇಕಾದ ಹುಡುಗ ಮೋಟು. ಇಬ್ಬರದ್ದೂ ಏನು ತಪ್ಪು? ಆ ಇಬ್ಬರಿಗಾಗಿಯೇ ಬಾಯಿ ಮುಚ್ಚಿಕೊಂಡಿರುವುದು ಅನ್ನುವ ಯೋಚನೆ ಎಷ್ಟು ಹಿತವಾಗಿತ್ತೆಂದರೆ, ಎರಡನೆಯ ಮಹಡಿಯಲ್ಲಿ ನಿಂತು ಅದನ್ನು ಪೂರ್ತಿ ಅನುಭವಿಸಿದ, ಆಮೇಲೆ ತನ್ನ ಮೇಲೇ ಅಸಹ್ಯಪಟ್ಟುಕೊಂಡು ಮುಂದೆ ನಡೆದ.

ವಾರ್ಡು ಮಧ್ಯಾಹ್ನದ ಮಂಪರಿನಲ್ಲಿತ್ತು. ನರ್ಸುಗಳ ಕೋಣೆಯಲ್ಲಿ ಅಕ್ಕ ಒಬ್ಬಳೇ, ಎದುರಿನ ಗೋಡೆಯಲ್ಲಿ ಅವರ ಬೋರ್ಡು, ಅದರ ಮೇಲೆ ನಾಲ್ಕು ಹಾಸಿಗೆಗಳ ಸಂಖ್ಯೆ ಬೆಳಗುತ್ತಿತ್ತು. "ಬಂದ್ಯಾ? ಏನಾಯ್ತು?" ಅಂದವಳು ಉತ್ತರಕ್ಕೂ ಕಾಯದೆ ಹಾಳೆ ಕೊಟ್ಟಳು. "ಇದನ್ನ ನೋಡು ಒಂಚೂರು. ಓದಿದವನು ನೀನು, ವಾಕ್ಯ ಸರಿ ಇದೆಯಾ ಹೇಳು. ನಿರ್ಲಕ್ಷ್ಯ ಅಂತ ಬರೀಲಾ, ಗಮನಕ್ಕೆ ಬರಲಿಲ್ಲ ಅಂತ ಬರೀಲಾ? ನಿರ್ಲಕ್ಷ್ಯ ಅಂದ್ರೆ ಜಾಸ್ತಿ ಆಗುತ್ತೆ ಅಂತಾಳೆ ನಮ್ಮ ಜೊತೆಯವಳು. ನನಗೇನೋ ಅದೇ ಸರಿ ಅನ್ಸುತ್ತೆ." ಸಣ್ಣ ಸಣ್ಣ ಅಕ್ಷರ. ಕೆಳಗಿನ ಸಾಲುಗಳ ಕಡೆ ನೋಡದೇ ಇದ್ದದ್ದು ನನ್ನ ತಪ್ಪು. ಅವನು ಓದಿ ಮುಗಿಸಿ ಹಾಳೆಯನ್ನು ಮೇಜಿನ ಮೇಲಿಟ್ಟ. "ಅಕ್ಕಾ, ಬೋರ್ಡು ಸರಿ ಇಲ್ಲ. ಜಾಸ್ತಿ ಸಲ ಒತ್ತಿದವರು ಮೇಲೆ ಬರೋ ಹಾಗೆ ಮಾಡಿದೀವಿ. ನೀನು ಹೇಳಿದ್ದರ ಉಲ್ಟಾ." ಅಕ್ಕ ತಿರುಗಿ ಬೋರ್ಡನ್ನು ನೋಡಿದಳು. "ಹೌದಾ," ಅಂದಳು. ಮತ್ತೆ, "ಅದಕ್ಕೇ ಏನೋ. ಮೂರು ವಾರದಿಂದ ನನ್ನ ಕಣ್ಣೇ ಮೋಸ ಮಾಡ್ತಿದೆ ಅಂದ್ಕೊಂಡಿದ್ದೆ. ವಯಸ್ಸಾಯ್ತು ಅಂತ." ಬಳಿಕ, "ಪರೀಕ್ಷೇಲಿ ಹೇಳಿದ್ಯಾ ಇದನ್ನ?" "ಹೇಳ್ದೆ." "ಬೈದ್ರಾ?" "ಮೆಚ್ಕೊಂಡ್ರು." ಅವಳು ಒಂದು ಥರ ನಕ್ಕಳು, ಉಸಿರು ಮಾತ್ರ ಹೊರಗೆ ಬರುವ ನಗು.

ಬೋರ್ಡಿನಲ್ಲಿ ಐದನೆಯ ಸಂಖ್ಯೆ ಬಂತು. ಹನ್ನೊಂದು. ಒಂದು ಕ್ಷಣ ಮೂರನೆಯ ಸಾಲಿನಲ್ಲಿ ನಿಂತಿತು, ನಾಲ್ಕನೆಯ ಹಾಸಿಗೆ ಮತ್ತೆ ಒತ್ತಿತು, ಒಂಬತ್ತು ಒತ್ತಿತು, ಹನ್ನೊಂದು ಮೆಲ್ಲಗೆ, ಯಾರೂ ತಳ್ಳದೆ, ತಳಕ್ಕಿಳಿದು ಕೂತಿತು. ತಾನು ಬರೆದ ವಾಕ್ಯ ಕಣ್ಣೆದುರು ನಡೆಯುವುದನ್ನು ಅವನು ಅದೇ ಮೊದಲ ಸಲ ನೋಡಿದ್ದು. ಪರೀಕ್ಷೆ ಮಾಡಿದಾಗ ಗುಂಡಿ ಒತ್ತಿದ್ದು ಮೋಟು, ತಳಕ್ಕೆ ಹೋದದ್ದು ಬರೀ ಅಂಕಿ. ಅಕ್ಕ ಏಳಲು ಹೊರಟವಳು ಮತ್ತೆ ಕೂತಳು. "ನೀನು ಹೋಗು," ಅಂದಳು.

ಹನ್ನೊಂದನೆಯ ಹಾಸಿಗೆ ಕಿಟಕಿಯ ಪಕ್ಕ. ಎದೆಯ ಮೇಲೆ ಪ್ಲಾಸ್ಟರಿನ ಕೈ ಇಟ್ಟುಕೊಂಡು ಸಣ್ಣ ಮೈಯ ಹೆಂಗಸು, ಬೆರಳ ತುದಿಗಳು ಊದಿ ನೀಲಿಗಟ್ಟಿದ್ದವು. ತೋರುಬೆರಳಿನ ಪಕ್ಕದಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ. "ಏನು ಬೇಕಿತ್ತಮ್ಮಾ?" ಅಂದ. ಆಕೆ ಅವನ ಅಂಗಿಯ ಕಾಲರನ್ನು ಗಮನವಿಟ್ಟು ನೋಡಿದರು. "ಏನಿಲ್ಲಪ್ಪ. ಬರ್ತಾರೋ ಇಲ್ವೋ ನೋಡೋಣ ಅಂತ ಒತ್ತಿದೆ. ನೀನು ಡಾಕ್ಟರಾ?" "ಅಲ್ಲ. ನರ್ಸಮ್ಮನ ತಮ್ಮ. ಈ ಗಂಟೆ ಮಾಡಿದೋನು." "ಓ." ಆಕೆ ಎಡಗೈಯಲ್ಲಿದ್ದ ಗುಂಡಿಯನ್ನು ಹೊದಿಕೆಯ ಮೇಲೆ ಮೆಲ್ಲಗೆ ಇಟ್ಟರು, ಬೇರೆಯವರ ವಸ್ತು ಹಿಂದಿರುಗಿಸುವ ಹಾಗೆ. ಅವನು ನಿಂತುಕೊಂಡೇ ಹೇಳಿದ. ಸೋಮವಾರ ನೀವು ಒತ್ತಿದ್ದು ಯಾಕೆ ಕಾಣಲಿಲ್ಲ, ನರ್ಸಮ್ಮನದು ತಪ್ಪೇನೂ ಇಲ್ಲ, ಲೆಕ್ಕ ಇಟ್ಟದ್ದು ತಾನು. ಕಲಿತ ಭಾಷೆಯ ಒಂದು ಪದವೂ ಸಹಾಯಕ್ಕೆ ಬರಲಿಲ್ಲ, ತೊದಲಿದ. ಆಕೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಅಳತೆ ತಪ್ಪಿದ ಅಂಗಿಯ ತೋಳನ್ನು ತಂದವರನ್ನು ವಿಚಾರಿಸುವ ದನಿಯಲ್ಲಿ, ಸಿಟ್ಟಿಲ್ಲದೆ, ಕೇಳಿದರು: "ತಿಳೀದೇ ಆಯ್ತಾ, ತಿಳಿದೇ ಮಾಡಿದ್ಯಾ?"

ಅಷ್ಟೆಲ್ಲ ಓದಿದವರು ಯಾರೂ ಇದನ್ನು ಕೇಳಿರಲಿಲ್ಲ. ಪಕ್ಕದ ಹಾಸಿಗೆಯ ಅಜ್ಜಿ ಕೆಮ್ಮಿ ಸುಮ್ಮನಾದರು. "ನನಗೆ ಗೊತ್ತಿತ್ತು," ಅಂದ ಅವನು. "ಅಕ್ಕ ಸರಿಯಾಗೇ ಹೇಳಿದ್ಲು. ಅದನ್ನ ಮಾಡೋದು ಕಷ್ಟ ಇತ್ತು. ಇದು ಸುಲಭ ಅಂತ ಇದನ್ನ ಬರೆದು ಅವಳು ಹೇಳಿದ್ದು ಅಂದುಬಿಟ್ಟೆ." ದರ್ಜಿಯಾಕೆ ತಲೆಯನ್ನು ಕಿಟಕಿಯ ಕಡೆ ಹೊರಳಿಸಿದರು. "ಕೈ ಇನ್ನು ಮಡಚೋಕೆ ಬರಲ್ವಂತೆ," ಅಂದರು ಗಾಜಿಗೆ.

ಅವನು ತಿರುಗಿದಾಗ ಮಂಚದ ಕಾಲಿನ ಹತ್ತಿರ ಅಕ್ಕ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳ ಮುಖದಲ್ಲಿ ಅವನು ಚಿಕ್ಕಂದಿನಿಂದ ಓದಿಕೊಂಡು ಬಂದ ಯಾವ ಗೆರೆಯೂ ಇರಲಿಲ್ಲ. ಕೋಣೆಗೆ ಬಂದು ತಾನು ಬರೆದ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟಳು. "ಸೂಪರಿಂಟೆಂಡೆಂಟು ಐದರ ತನಕ ಇರ್ತಾರೆ. ಈಗ ಹನ್ನೊಂದರವರಿಗೆ ಹೇಳಿದ್ದನ್ನೇ ಅವರಿಗೂ ಹೇಳು. ಒಂದು ಮಾತೂ ಜಾಸ್ತಿ ಬೇಡ, ಕಡಿಮೆನೂ ಬೇಡ." "ಡಿಗ್ರಿ ಹೋಗುತ್ತೆ ಅಕ್ಕಾ. ಆ ಇಬ್ಬರದ್ದೂ..." "ಅವರಿಬ್ಬರಿಗೆ ನೀನೇ ಹೇಳ್ಬೇಕು. ಅದನ್ನೂ ನಾನೇ ಹೇಳ್ಲಾ?" ಅಂದಳು. ದನಿ ಏರಲಿಲ್ಲ. "ನಾನು ಬರಲ್ಲ ನಿನ್ನ ಜೊತೆ. ನನಗಿಲ್ಲಿ ಇಪ್ಪತ್ತೆರಡು ಜನ ಇದಾರೆ." ಬೋರ್ಡಿನ ಕಡೆ ನೋಡದೆ ಅವಳು ಮೊದಲ ಹಾಸಿಗೆಯಿಂದ ಶುರು ಮಾಡಿ, ಒಬ್ಬೊಬ್ಬರ ಮುಖದ ಮೇಲೆ ಬಗ್ಗಿ ಬಗ್ಗಿ ನೋಡುತ್ತಾ, ಮುಂದೆ ಹೋದಳು.

ಕಾರಿಡಾರಿನಲ್ಲಿ ನಿಂತು ಅವನು ಮೋಟುವಿಗೆ ಫೋನು ಮಾಡಿದ. ಆ ಕಡೆಯಿಂದ ಪಟಾಕಿಯ ನಗು, ಲೋಟಗಳ ಸದ್ದು. "ಕೋಡ್ ತೆಗೆದು ನೋಡಿದೆ ಮಾವ, ನೀವು ಕೊಟ್ಟ ಹಾಗೇ ಇದೆ," ಅಂದ ಹುಡುಗ, ಏನೂ ಅರ್ಥವಾಗದ ದನಿಯಲ್ಲಿ. "ಹೌದು. ನಾನು ಕೊಟ್ಟಿದ್ದೇ ಸುಳ್ಳು. ಅಕ್ಕ ಹಾಗೆ ಅಂದಿರಲಿಲ್ಲ. ಈಗ ಅದನ್ನ ಇಲ್ಲಿ ಹೇಳೋಕೆ ಹೊರಟಿದೀನಿ, ನಾಳೆ ಮೇಡಂ ಹತ್ರ ಹೋಗ್ತೀನಿ. ನೀವಿಬ್ಬರೂ ಏನೂ ಮಾಡಿಲ್ಲ ಅಂತ ಬರೆದುಕೊಡ್ತೀನಿ. ಅವರು ಒಪ್ತಾರೋ ಇಲ್ವೋ ಗೊತ್ತಿಲ್ಲಪ್ಪ." ಹುಡುಗ, "ನಾನು ಕೇಳಿದ್ದೆನಲ್ಲ ಮಾವ ಆವತ್ತು," ಅಂದು ಇಟ್ಟುಬಿಟ್ಟ.

ಸೂಪರಿಂಟೆಂಡೆಂಟರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವರು ಕಡತದಿಂದ ಕಣ್ಣೆತ್ತದೆ, "ವಿವರಣೆ ತಂದ್ರಾ? ಅಲ್ಲಿಟ್ಟು ಹೋಗಿ," ಅಂದರು. ಹೋಗದ್ದನ್ನು ಗಮನಿಸಿ ತಲೆಯೆತ್ತಿದರು. ಯಾರೋ ಗುರುತಿಲ್ಲದ ಗಂಡಸು, ಇಸ್ತ್ರಿ ಕೆಟ್ಟ ಅಂಗಿ, ಬರಿಗೈ. "ನೀವ್ಯಾರು? ಕೂತ್ಕೊಳ್ಳಿ."

ಅವನು ಕೂರಲಿಲ್ಲ.

"ಹನ್ನೊಂದನೇ ಹಾಸಿಗೆ ವಿಷಯ ಸಾರ್," ಅಂದ. "ನನಗೆ ಗೊತ್ತಿತ್ತು."